ಲಕ್ಷ್ಮೀದೇವಿಯ ಹೆಸರಿಗೆ ಬಂದ ಯೂರೋ

ಚರ್ರೆಂದು ಹಳೆಯ ಸೀರೆ ಹರಿಯುವ ಸದ್ದಿನಿಂದಲೇ ಕಲ್ಲೋಳಿಯ ಮಗದುಮ್ ಅವರ ಮನೆಯಲ್ಲಿ ದಿನದ ಕೆಲಸ ಸುರುವಾಗುತ್ತದೆ. ಅಂಚಿಗೆ ಕತ್ತರಿಯಿಂದ ಬೆರಳಗಲ ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಒಮ್ಮೆಲೇ ಎಳೆಯಬೇಕು. ಅನುಮಾನಿಸುತ್ತ ಎಳೆದರೆ ಬಟ್ಟೆ ಸೊಟ್ಟ ಹರಿಯುತ್ತದೆ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತ ಅಲ್ಲವ್ವನಿಗೆ ಈಗ ಕಣ್ಣು ಅಷ್ಟಕ್ಕಷ್ಟೆ. ಹರಿಯುವ ಸದ್ದು ಕೇಳಿಯೇ ಬಟ್ಟೆ ಯಾವುದೆಂದು ಹೇಳುತ್ತಾಳೆ.

"ಇದು ಇಳಕಲ್ ಸೀರಿ. ಯಾರದ?"

"ರಾಮವ್ವಾರದ್ರಿ ಅತ್ತಿ. ಅವರ ಮಗಳು ಕಳಿಸ್ಯಾಳ."

"ಹಂಗಾರ ಸೆರಗು ಸಣ್ಣ ಮಾಡಬ್ಯಾಡ. ನಡುವ ಹಚ್ಚು. ಅಕೀ ಇದ್ದಾಗ ನಡುವ ಕುಂದ್ರತಿದ್ಲು."

ಸೊಸೆ ರಾಜೇಶ್ವರಿ ನಕ್ಕು, ತೀರಿಹೋದ ರಾಮವ್ವನ ಸೆರಗನ್ನು ಬೇರೆ ಇಟ್ಟಳು. ಹಳೆಯ ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಹಾಸಿ, ಮೇಲೆ ಚೌಕ ಚೌಕ ಬಣ್ಣಗಳನ್ನು ಹೊಂದಿಸಿ, ದಾರದ ಸಾಲುಗಳಿಂದ ಬಿಗಿದು ಮಾಡುವ ಹೊದಿಕೆಗೆ ಈ ಕಡೆ ಕೌದಿ ಎನ್ನುತ್ತಾರೆ. ಹುಕ್ಕೇರಿಯಲ್ಲಿ ಹುಟ್ಟಿ, ಇಪ್ಪತ್ತಕ್ಕೆ ಕಲ್ಲೋಳಿಗೆ ಬಂದ ರಾಜೇಶ್ವರಿ ಆ ಸಾಲುಗಳನ್ನು ಕಲಿತದ್ದು ಇದೇ ಕಂಬದ ಕೆಳಗೆ, ಇದೇ ಅತ್ತೆಯ ಕೈಯಲ್ಲಿ. ಗಂಡ ಮಹಾಂತೇಶ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಮಾಡುವವನು. ಹಂಗಾಮು ಮುಗಿದರೆ ಅವನ ಪಗಾರವೂ ಅರ್ಧ. ಹಾಗೆ ಸುರುವಾದ ಹೊಲಿಗೆ ಈಗ ಓಣಿಯ ಹನ್ನೊಂದು ಹೆಂಗಸರ ಕೆಲಸವಾಗಿತ್ತು. ಮಧ್ಯಾಹ್ನ ಬುತ್ತಿ ಗಂಟು ಹಿಡಿದು ಬಂದು, ಸಂಜೆ ದನ ಮನೆಗೆ ಬರುವಷ್ಟರಲ್ಲಿ ಎದ್ದು ಹೋಗುತ್ತಿದ್ದರು.

ಏಳು ವರ್ಷ ಆ ಕೌದಿಗಳು ಗೋಕಾಕದ ಗುರುಪಾದ ಸಾವಕಾರನ ಅಂಗಡಿಗೆ ಹೋದವು. ಗುರುಪಾದ ಕೆಟ್ಟವನಲ್ಲ. ಹೇಳಿದ ದಿನ ಹಣ ಕೊಡುತ್ತಿದ್ದ, ಮಾತಿಗೊಮ್ಮೆ ಅಕ್ಕಾರ ಅನ್ನುತ್ತಿದ್ದ. ಆದರೆ ಕೌದಿಯ ಮೂಲೆಗೆ ಅವನ ಅಂಗಡಿಯ ಹೆಸರಿನ ಪಟ್ಟಿ ಹೊಲಿದೇ ಕೊಡಬೇಕಾಗಿತ್ತು. ಧಾರವಾಡದ ಒಂದು ಪ್ರದರ್ಶನಕ್ಕೆ ಅವನು ಕೌದಿಗಳನ್ನು ಮಡಿಕೆ ಹಾಕಿ ಇಡಲು ರಾಜೇಶ್ವರಿಯನ್ನು ಕರೆದುಕೊಂಡು ಹೋಗಿದ್ದ. ಅಲ್ಲಿಗೆ ಬೆಲ್ಜಿಯಂ ದೇಶದ ಆನಿಕೆ ಎಂಬ ಹೆಂಗಸು ಬಂದಳು. ಗೆಂಟ್ ಎಂಬ ಊರಲ್ಲಿ ಅವಳದೊಂದು ಸಣ್ಣ ಅಂಗಡಿ. ಅವಳು ಕೌದಿಯ ಬಣ್ಣ ನೋಡಲಿಲ್ಲ. ಅದನ್ನು ಬೋರಲು ಹಾಕಿ ಹಿಂದಿನ ಹೊಲಿಗೆ ನೋಡಿದಳು. ಯಾರು ಹೊಲಿದದ್ದು ಎಂದು ಕೇಳಿದಳು.

"ನಮ್ಮ ವರ್ಕರ್ಸ್," ಎಂದ ಗುರುಪಾದ.

ರಾಜೇಶ್ವರಿ ಮೂರು ಮಾರು ಆಚೆ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಆ ಒಂದು ಶಬ್ದ ಮಾತ್ರ ತಿಳಿಯಿತು. ಆನಿಕೆ ಅವಳ ಕೈಬೆರಳಿನ ಸೂಜಿಗಾಯಗಳನ್ನು ನೋಡಿದಳು, ಹೋಗುವಾಗ ತನ್ನ ವಿಳಾಸದ ಚೀಟಿಯನ್ನು ಆ ಕೈಯಲ್ಲಿಟ್ಟಳು. ಆ ಚೀಟಿಯಿಂದಲೇ ಮುಂದಿನದು ನಡೆಯಿತು. ರಾಜೇಶ್ವರಿಯ ಅಕ್ಕನ ಮಗಳು ಸುಮನ್ ಹುಕ್ಕೇರಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಪತ್ರ ಬರೆದವಳು ಅವಳೇ. ಹೊರದೇಶಕ್ಕೆ ಮಾಲು ಕಳಿಸುವ ಲೈಸೆನ್ಸು ಮಾಡಿಸಿದವಳೂ ಅವಳೇ. ಗುರುಪಾದನ ಪಟ್ಟಿ ಬಿಚ್ಚಿಹೋಗಿ 'ರಾಜೇಶ್ವರಿ ಕೌದಿ, ಕಲ್ಲೋಳಿ' ಎಂಬ ಪಟ್ಟಿ ಬಂತು. ಅದನ್ನು ಮೊದಲ ಸಲ ಹೊಲಿದ ದಿನ ಹನ್ನೊಂದು ಮಂದಿಯೂ ಸರದಿಯಲ್ಲಿ ಅದರ ಮೇಲೆ ಕೈಯಾಡಿಸಿದರು.

ಬಿಲ್ಲಿನ ಪುಸ್ತಕ ಮಾಡಿಸಲು ರಾಜೇಶ್ವರಿ ಗೋಕಾಕದ ಸಿದ್ರಾಯನ ಪ್ರೆಸ್ಸಿಗೆ ಹೋದಳು. ಮದುವೆಯ ಪತ್ರಿಕೆಯಿರಲಿ, ಗೊಬ್ಬರದಂಗಡಿಯ ಪಾವತಿ ಪುಸ್ತಕವಿರಲಿ, ಸಿದ್ರಾಯ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಒಂದೇ.

"ಮ್ಯಾಲೆ ಯಾವ ದೇವರ್ರಿ?"

"ಲಕ್ಷ್ಮೀದೇವಿ," ಎಂದಳು ರಾಜೇಶ್ವರಿ. ಊರ ಹೆಬ್ಬಾಗಿಲಾದ ಅಗಸಿಯ ಬಾಜೂಕೆ ಇರುವ ದೇವಿ. ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಹೊರದೇಶಕ್ಕೆ ಹೋಗುವ ಬಿಲ್ಲಾದ್ದರಿಂದ ಎಲ್ಲ ಇಂಗ್ಲಿಷ್ ಅಕ್ಷರವಾಗಲಿ ಎಂದಳು. ಸಿದ್ರಾಯ ದೇವರಿಗೆ ಕಡಿಮೆ ಮಾಡುವವನಲ್ಲ. 'ಶ್ರೀ ಲಕ್ಷ್ಮೀದೇವಿ ಪ್ರಸನ್ನ' ಎಂಬುದು ನೆತ್ತಿಯ ಮೇಲೆ ದಪ್ಪಗೆ ಬಂತು. ಅದರ ಕೆಳಗೆ, ಅದಕ್ಕಿಂತ ಸಣ್ಣದಾಗಿ, ಅವಳ ಹೆಸರು.

ಮೊದಲ ಸಲ ಆರು ಕೌದಿ ಹೋದವು. ಆನಿಕೆ ತಾನೇ ಕೂತು ಹಣ ಕಳಿಸಿದಳು. ಅದು ಮೂಡಲಗಿಯ ಬ್ಯಾಂಕಿನ ಖಾತೆಗೆ ಬರುವಷ್ಟರಲ್ಲಿ ಸಣ್ಣದಾಗಿತ್ತು. ಅಲ್ಲಿಯ ಬ್ಯಾಂಕು ಕಳಿಸಿದ್ದಕ್ಕೆ ಹಿಡಿದುಕೊಂಡಿತ್ತು. ನಡುವೆ ಯಾವುದೋ ಹೆಸರು ಕೇಳಿರದ ಬ್ಯಾಂಕು ದಾಟಿಸಿದ್ದಕ್ಕೆ ಹಿಡಿದುಕೊಂಡಿತ್ತು. ಇಲ್ಲಿಯವರು ಯೂರೋವನ್ನು ರೂಪಾಯಿ ಮಾಡುವಾಗ ಪೇಪರಿನ ದರಕ್ಕಿಂತ ಕಡಿಮೆ ಕೊಟ್ಟು, ಅದರ ಮೇಲೆ ಚಾರ್ಜು, ಚಾರ್ಜಿನ ಮೇಲೆ ತೆರಿಗೆ, ಹೊರದೇಶದ ಹಣವೆಂಬ ಪ್ರಮಾಣಪತ್ರಕ್ಕೆ ಮತ್ತೊಂದಿಷ್ಟು ಮುರಿದಿದ್ದರು. ರಾಜೇಶ್ವರಿ ಲೆಕ್ಕವನ್ನು ರೂಪಾಯಿಯಲ್ಲಿ ಮಾಡಲಿಲ್ಲ, ಕೌದಿಯಲ್ಲಿ ಮಾಡಿದಳು. ಆರು ಹೋಗಿದ್ದವು, ಐದರ ಹಣ ಬಂದಿತ್ತು.

"ಆರನೇದು ಯಾರು ಹೊಚ್ಚಿಕೊಂಡ್ರು?" ಎಂದು ಕೇಳಿದಳು ಯಮನವ್ವ. ಆರನೆಯದನ್ನು ಇಪ್ಪತ್ತೆರಡು ದಿನ ಕೂತು ಹೊಲಿದವಳು ಅವಳು.

"ಬ್ಯಾಂಕಿನವರಿಗೂ ಥಂಡಿ ಹತ್ತಿರತೈತಿ ಬಿಡು," ಎಂದಳು ಅಲ್ಲವ್ವ.

ಎಲ್ಲರೂ ನಕ್ಕರು. ಎರಡನೆಯ ಸಲವೂ ಹಾಗೆಯೇ ಆದಾಗ ಯಾರೂ ನಗಲಿಲ್ಲ. ಅಂದಿನಿಂದ ರಾಜೇಶ್ವರಿ ಕಡಿಮೆ ಖರ್ಚಿನಲ್ಲಿ ಯೂರೋ ತಂದುಕೊಡುವ ಬ್ಯಾಂಕು ಹುಡುಕತೊಡಗಿದಳು. ಊರಿನ ಸೊಸಾಯಿಟಿಯ ಸೆಕ್ರೆಟರಿ ರಾಜಪ್ಪ ಕುರ್ಚಿ ಕೊಟ್ಟು ಕೂರಿಸಿ ಹೇಳಿದ, "ಅಕ್ಕಾರ, ನಮ್ಮಲ್ಲಿ ಹುಕ್ಕೇರಿಯಿಂದ ರೊಕ್ಕ ಬರಾಕ ಎರಡು ದಿನ ಹಿಡೀತೈತಿ. ನೀವು ಯುರೋಪ ಅಂತೀರಲ್ರಿ." ಗೋಕಾಕದ ಖಾಸಗಿ ಬ್ಯಾಂಕೊಂದರಲ್ಲಿ ಕೊರಳಿಗೆ ಟೈ ಕಟ್ಟಿದ ಹುಡುಗ ಚಹಾ ತರಿಸಿದ. ಅಂಥ ಖಾತೆಯಲ್ಲಿ ಯಾವಾಗಲೂ ಇರಬೇಕಾದ ಮೊತ್ತ ಇಷ್ಟು ಎಂದ. ಅವಳು ಚಹಾ ಕುಡಿದು ಮುಗಿಸಿ, ಕಪ್ಪು ಸದ್ದಾಗದಂತೆ ಇಟ್ಟು, ಎದ್ದು ಬಂದಳು.

ಕೊನೆಗೆ ದಾರಿ ಸಿಕ್ಕಿದ್ದು ತವರೂರಲ್ಲಿ. "ಚಿಗವ್ವ, ಬ್ಯಾಂಕಿಗೆ ಯಾಕ ಅಡ್ಡಾಡ್ತಿ?" ಎಂದು ಸುಮನ್ ಫೋನಿನಲ್ಲೇ ಒಂದು ಕಂಪನಿಯನ್ನು ತೋರಿಸಿದಳು. ಅವರು ಯುರೋಪಿನಲ್ಲೇ ಅವಳಿಗೊಂದು ಖಾತೆ ನಂಬರು ಕೊಡುತ್ತಾರೆ. ಆನಿಕೆ ಬಾಜೂಮನೆಯವರಿಗೆ ಕೊಟ್ಟಂತೆ ಅಲ್ಲಿಗೇ ಹಣ ಹಾಕುತ್ತಾಳೆ. ಕಂಪನಿ ಅವತ್ತಿನ ದರಕ್ಕೇ ರೂಪಾಯಿ ಮಾಡಿ ಮೂಡಲಗಿಯ ಖಾತೆಗೆ ಕಳಿಸುತ್ತದೆ. ಮುರಿದುಕೊಳ್ಳುವುದು ಒಂದು ಕೌದಿಯ ದಾರದ ಖರ್ಚಿನಷ್ಟು. ಕಾಗದಪತ್ರಗಳ ಫೋಟೋ ತೆಗೆದದ್ದಾಯಿತು. ಆಮೇಲೆ ಫೋನು ರಾಜೇಶ್ವರಿಗೆ ಮುಖ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಕಣ್ಣು ಮಿಟುಕಿಸು ಎಂದಿತು.

"ಹೆಣ್ಣು ನೋಡಾಕ ಬಂದಾಗೂ ಇಷ್ಟು ಹೊಳ್ಳಿಸಿರಲಿಲ್ಲವಾ ತಂಗಿ," ಎಂದಳು ಅವಳು.

ನಾಲ್ಕು ದಿನಕ್ಕೆ ಖಾತೆ ಪಾಸಾಯಿತು. ಮುಂದಿನ ಹತ್ತು ಕೌದಿಯ ಬಿಲ್ಲಿನ ಕೆಳಗೆ ಹೊಸ ನಂಬರನ್ನು ರಾಜೇಶ್ವರಿ ತಾನೇ ಬರೆದಳು, ಒಂದೊಂದು ಅಂಕಿಯನ್ನೂ ಎರಡು ಸಲ ಓದಿ.

ಆಗಸ್ಟ್ ತಿಂಗಳು, ಆನಿಕೆ ರಜೆಗೆಂದು ಸಮುದ್ರದ ಕಡೆ ಹೋಗಿದ್ದಳು. ಹಣ ಕಳಿಸುವ ಕೆಲಸವನ್ನು ಅಂಗಡಿಯ ಲೆಕ್ಕದವಳಿಗೆ ಒಪ್ಪಿಸಿದ್ದಳು. ಲೆಕ್ಕದವಳು ಕೌದಿಯನ್ನೂ ಕಂಡಿರಲಿಲ್ಲ, ರಾಜೇಶ್ವರಿಯನ್ನೂ ಕಂಡಿರಲಿಲ್ಲ. ಅವಳ ಊರಿನಲ್ಲಿ ಬಿಲ್ಲಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಮಾಲು ಮಾರಿದವರ ಹೆಸರು. ಹಣ ಪಡೆಯುವವರು ಎಂಬಲ್ಲಿ ಅವಳು ಶ್ರೀ ಲಕ್ಷ್ಮೀದೇವಿ ಪ್ರಸನ್ನ ಎಂದು ತಪ್ಪಿಲ್ಲದೆ ತುಂಬಿದಳು.

ಕಂಪನಿ ಹಣವನ್ನು ತಡೆಹಿಡಿಯಿತು. ಖಾತೆ ರಾಜೇಶ್ವರಿ ಮಗದುಮ್ ಅವರದು, ಹಣ ಬಂದಿರುವುದು ಬೇರೊಬ್ಬರಿಗೆ. ಕಳಿಸಿದ ಮೇಲೆ ಹೆಸರು ತಿದ್ದಲು ಬರುವುದಿಲ್ಲ. ಮುಂದಿನ ಶುಕ್ರವಾರ ಸಂಜೆ ಐದರೊಳಗೆ ದಾಖಲೆ ಕೊಡದಿದ್ದರೆ ಹಣ ಮರಳಿ ಹೋಗುತ್ತದೆ, ಖಾತೆಯೂ ಮುಚ್ಚುತ್ತದೆ. ಸುಮನ್ ಫೋನಿನಲ್ಲಿ ಓದಿ ಹೇಳುತ್ತ ಕಿಸಕ್ಕನೆ ನಕ್ಕಳು.

"ನಗಬ್ಯಾಡ ತಂಗಿ. ಬರಿ ಅವರಿಗೆ. ಅದು ನಮ್ಮ ದೇವರ ಹೆಸರು, ಎಲ್ಲಾರೂ ಹಂಗ ಹಾಕಸ್ತಾರ ಅಂತ ಬರಿ."

ಸುಮನ್ ಬರೆದಳು. ಉತ್ತರ ಕೂಡಲೇ ಬಂತು. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ದಯವಿಟ್ಟು ಶ್ರೀ ಲಕ್ಷ್ಮೀದೇವಿ ಪ್ರಸನ್ನ ಅವರ ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕಳುಹಿಸಿ. ಮತ್ತೊಮ್ಮೆ ಬಿಡಿಸಿ ಬರೆದಳು, ಮತ್ತೆ ಅದೇ ವಿಷಾದ ಬಂತು. ಮೂರನೆಯ ಸಲವೂ ಅದೇ.

"ಅಕೀ ವಿಳಾಸ ಅಗಸಿ ಬಾಜೂಕ, ಬನ್ನಿಗಿಡದ ಕೆಳಗ ಅಂತ ಬರದ ಕಳಸ್ರಿ," ಎಂದಳು ಅಲ್ಲವ್ವ. "ಬೇಕಾದ್ರ ಬಂದು ನೋಡಿ ಹೋಗಲಿ. ಬರೇ ಕೈಲೆ ಬರಬ್ಯಾಡ ಅನ್ರಿ."

ಬುಧವಾರ ಆನಿಕೆಯ ಪತ್ರ ಬಂತು. ಸಿಟ್ಟಿನದಲ್ಲ, ಮೆತ್ತಗಿನದು. ಅದಕ್ಕೇ ಅದು ಹೆಚ್ಚು ಚುಚ್ಚಿತು. ನನ್ನ ಲೆಕ್ಕದವಳು ಬೇಸತ್ತಿದ್ದಾಳೆ, ಈ ಹಣ ಮರಳಿ ಬಂದರೆ ಇಂಥ ಸಣ್ಣ ಖಾತೆಗಳಿಗೆ ಇನ್ನು ಕಳಿಸುವುದಿಲ್ಲ ಎನ್ನುತ್ತಾಳೆ. ಚಳಿಗಾಲಕ್ಕೆ ಅರವತ್ತು ಕೌದಿ ಬೇಕು. ಧಾರವಾಡದ ಪ್ರದರ್ಶನದಲ್ಲಿದ್ದ ಗುರುಪಾದ ಅವರು ನಮಗೆ ಬರೆದಿದ್ದಾರೆ, ಅವರ ಬ್ಯಾಂಕಿನ ವ್ಯವಸ್ಥೆ ಸರಿಯಾಗಿದೆಯಂತೆ. ನಿಮ್ಮ ಕೌದಿಗಳನ್ನೇ ಅವರ ಮೂಲಕ ತರಿಸಬಹುದಲ್ಲವೇ? ಕೌದಿಯೇನೋ ಅದೇ ತಾನೆ? ಶುಕ್ರವಾರ ತಿಳಿಸಿ.

ಕೌದಿಯೇನೋ ಅದೇ. ಮೂಲೆಯ ಪಟ್ಟಿ ಮಾತ್ರ ಬೇರೆ. ರಾಜೇಶ್ವರಿ ಅಂದು ಮಧ್ಯಾಹ್ನ ಹನ್ನೊಂದು ಮಂದಿಯ ನಡುವೆ ಕೂತು ಹೊಲಿದಳು, ಪತ್ರದ ವಿಷಯ ಯಾರಿಗೂ ತಿಳಿಸಲಿಲ್ಲ. ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಹೋಗಬೇಕು. ಸುತ್ತು ಸುತ್ತಿಗೂ ಒಳಗೊಳಗೆ ಬಂದು, ಕೊನೆಗೆ ಸೂಜಿ ನಡುಮಧ್ಯದಲ್ಲಿ ಹೊರಡಲು ದಾರಿಯಿಲ್ಲದೆ ನಿಲ್ಲುತ್ತದೆ. ನಾನೂ ಒಂದೊಂದು ಸಾಲನ್ನೂ ನೇರವಾಗಿಯೇ ಹಾಕಿದ್ದೆನಲ್ಲ, ಎಲ್ಲಿ ತಪ್ಪಿದೆ ಎಂದು ಅವಳು ಹುಡುಕಿದಳು. ಸೊಸಾಯಿಟಿಗೆ ಹೋದದ್ದು ತಪ್ಪಲ್ಲ. ಫೋನಿನ ಖಾತೆ ತಪ್ಪಲ್ಲ. ದೇವಿಯ ಹೆಸರು ಮೇಲೆ ಹಾಕಿಸಿದ್ದು ತಪ್ಪು ಎಂದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಗುರುವಾರ ಕಂಪನಿಯಿಂದ ಮನುಷ್ಯರು ಬರೆದಂಥ ಉತ್ತರವೊಂದು ಬಂತು. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದ ಪತ್ರ ಕೊಟ್ಟರೆ ಹಣ ಬಿಡುತ್ತೇವೆ.

"ಆತಲ್ಲ ಚಿಗವ್ವ," ಎಂದಳು ಸುಮನ್. ಅವಳ ದನಿಯಲ್ಲಿ ಜೀವ ಬಂದಿತ್ತು. "ನಾಳೆ ಗೋಕಾಕಕ್ಕ ಹೋಗಿ ಅಫಿಡವಿಟ್ ಮಾಡಿಸಿ, ಫೋಟೋ ತಗದು ಕಳಸು. ಉಳಿದದ್ದು ನಾ ಮಾಡ್ತೇನಿ."

ಶುಕ್ರವಾರ ಬೆಳಗ್ಗೆ ಅಲ್ಲವ್ವ ದೇವಿಗೆಂದು ಹೂವಿನ ಪೊಟ್ಟಣ ಕೊಟ್ಟಳು. ಶ್ರಾವಣದ ಶುಕ್ರವಾರ, ಗುಡಿಯ ಮುಂದೆ ಹೆಂಗಸರ ಸಾಲಿತ್ತು. ಹೂವು ಕೊಟ್ಟು ಕೈಮುಗಿಯುವಾಗ ರಾಜೇಶ್ವರಿ ದೇವಿಯ ಮುಖ ನೋಡಲಿಲ್ಲ, ಪಾದವನ್ನಷ್ಟೇ ನೋಡಿದಳು. ಆಮೇಲೆ ಬಸ್ಸು ಹತ್ತಿದಳು.

ಗೋಕಾಕದ ತಹಶೀಲ್ದಾರ ಕಚೇರಿಯ ಎದುರು ತಗಡಿನ ಚಪ್ಪರದ ಕೆಳಗೆ ನೋಟರಿ ಬಸವಣ್ಣೆಪ್ಪ ವಕೀಲರ ಮೇಜು. ಹೆಸರು ತಿದ್ದುವ ಪ್ರಮಾಣಪತ್ರಗಳೇ ಅವರ ದಿನದ ಕೆಲಸ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಹೊಲದ ಉತಾರದಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಇರುವ ಮಂದಿಗೆ ಈ ತಾಲೂಕಿನಲ್ಲಿ ಕೊರತೆಯಿಲ್ಲ. ಅವರು ರಾಜೇಶ್ವರಿಯ ಮಾತನ್ನು ಅರ್ಧ ಕೇಳಿ, ಟೈಪಿನ ಹುಡುಗಿಗೆ ಹೇಳಿ, ಹತ್ತು ನಿಮಿಷದಲ್ಲಿ ಬಾಂಡ್ ಕಾಗದವನ್ನು ಮುಂದಿಟ್ಟರು.

"ಓದ್ತೇನಿ ಕೇಳ್ರಿ. ಶ್ರೀ ಲಕ್ಷ್ಮೀದೇವಿ ಪ್ರಸನ್ನ ಉರ್ಫ್ ರಾಜೇಶ್ವರಿ ಕೋಂ ಮಹಾಂತೇಶ ಮಗದುಮ್, ಈ ಎರಡೂ ಹೆಸರಿನವರು ಒಬ್ಬರೇ ಇದ್ದು, ಅವರು ನಾನೇ ಇರುತ್ತೇನೆ ಅಂತ ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ. ಇಲ್ಲಿ ಸಹಿ ಹಾಕ್ರಿ."

ರಾಜೇಶ್ವರಿ ಪೆನ್ನು ಹಿಡಿದಳು. ಪೆನ್ನು ಕಾಗದಕ್ಕೆ ತಾಕುವ ಮೊದಲೇ ನಿಂತಿತು.

"ವಕೀಲ್ ಸಾಹೇಬ್ರ, ಇದು ಹೆಂಗ ಬರೀಲ್ರಿ? ಅಕೀ ದೇವಿ. ಅಕೀನ ನಾನು ಅಂತ ಅಕೀ ಮ್ಯಾಲೇ ಆಣಿ ಮಾಡಲೇನ್ರಿ?"

"ಬರೇ ಕಾಗದಕ್ಕ ಅಕ್ಕಾರ. ದೇವಿ ಬಂದು ಓದತಾಳೇನು?"

"ನಾ ಓದೀನಲ್ರಿ."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ಇನ್ನೂ ನಾಲ್ಕು ಮಂದಿ ಕಾದಿದ್ದರು.

"ಹಂಗಾರ ಹೊಳ್ಳಿಸಿ ಬರೀಬೇಕಾಗತೈತಿ. ಲಕ್ಷ್ಮೀದೇವಿ ಅನ್ನುವವರು ಯಾರೂ ಇರುವುದಿಲ್ಲ, ಅದು ಸುಳ್ಳ ಹೆಸರು ಅಂತ. ಅದಕ್ಕರ ಸಹಿ ಮಾಡ್ತೀರೇನು?"

ಶುಕ್ರವಾರ ಅದು. ತುಸು ಮೊದಲಷ್ಟೇ ಅವಳು ಆ ಪಾದಕ್ಕೆ ಹೂವು ಕೊಟ್ಟು ಬಂದಿದ್ದಳು. ದೇವಿ ನಾನೇ ಎನ್ನಲಾರಳು, ದೇವಿ ಇಲ್ಲವೇ ಇಲ್ಲ ಎಂದೂ ಅನ್ನಲಾರಳು.

"ಎರಡೂ ಬ್ಯಾಡ್ರಿ. ಇದು ನಮ್ಮೂರ ದೇವಿ ಹೆಸರು, ಬಿಲ್ಲಿನ ಮ್ಯಾಲೆ ಹಾಕೂದು ನಮ್ಮ ಪದ್ಧತಿ. ಮಾರಿದಕಿ ನಾನು. ಇಷ್ಟ ಬರೀರಿ."

"ಬರೀತೇನಿ. ಆದ್ರ ಅವರು ಕೇಳಿದ್ದು ಒಬ್ಬರೇ ಅಂತ. ಇದನ್ನ ತಗೋಳೂದಿಲ್ಲ. ಸುಮ್ಮನ ನಿಮ್ಮ ರೊಕ್ಕ ಯಾಕ ಹಾಳ ಮಾಡ್ಲಿ?"

ಅವಳು ಹುಕ್ಕೇರಿಗೆ ಫೋನು ಹಚ್ಚಿದಳು. ಸುಮನ್ ಕಂಪನಿಯವರನ್ನು ವಿಚಾರಿಸಿ ಕಾಲು ಗಂಟೆಯ ಮೇಲೆ ತಿರುಗಿ ಮಾಡಿದಳು. ಒಬ್ಬರೇ ಎಂದಿದ್ದರೆ ಮಾತ್ರ ನಡೆಯುತ್ತದೆ. "ಸಹಿ ಮಾಡಿಬಿಡು ಚಿಗವ್ವ," ಎಂದಳು, ಬಹಳ ಮೆಲ್ಲಗೆ. "ಅಜ್ಜಿಗೆ ಹೇಳೂದು ಬ್ಯಾಡ." ರಾಜೇಶ್ವರಿ ಫೋನು ಇಟ್ಟಳು. ಚಪ್ಪರದ ತಗಡು ಕಾದಿತ್ತು. ಅವಳು ಕಾಗದವನ್ನು ಮತ್ತೆ ಓದಿದಳು. 'ನಾನೇ ಇರುತ್ತೇನೆ' ಎಂಬಲ್ಲಿಗೆ ಬಂದಾಗಲೆಲ್ಲ ಮೊದಲ ಸಾಲಿಗೆ ಮರಳುತ್ತಿದ್ದಳು.

"ಏನ್ ಅಕ್ಕಾರ, ಇಲ್ಲಿ?"

ಗುರುಪಾದ ಸಾವಕಾರ. ಎರಡು ಅಂಗಡಿ ಆಚೆಗೇ ಅವನ ಗೋದಾಮು. ಬಿಳಿ ಅಂಗಿ, ಕೈಯಲ್ಲಿ ಚಹಾದ ಲೋಟ. ಮೇಜಿನ ಮೇಲಿನ ಕಾಗದದ ಮೇಲೆ ಕಣ್ಣಾಡಿಸಿದ. ನಗುವನ್ನು ಮೀಸೆಯಲ್ಲೇ ತಡೆದುಕೊಂಡ.

"ಇಷ್ಟ ಸಣ್ಣದಕ್ಕ ನೀವು ದೇವಿ ಆಗಬೇಕೇನ್ರಿ? ನಮ್ಮ ಖಾತೆ ಇಲ್ಲೇನು? ಹತ್ತು ವರ್ಷ ಆತು, ಯೂರೋ ಬರತಾವ, ಡಾಲರ್ ಬರತಾವ. ನಂದು ದೊಡ್ಡ ವ್ಯವಹಾರ, ಬ್ಯಾಂಕಿನವರು ಕತ್ತರಿಸೂದು ಚೂರು."

"ನಮ್ಮದು ಸಣ್ಣದರ್ರಿ, ಸಾವಕಾರ್ರ. ಅದಕ್ಕ ಜಾಸ್ತಿ ಕತ್ತರಸ್ತಾರ."

"ಅದನ್ನ ನಾ ಹೇಳಾಕತ್ತೇನಿ. ಆನಿಕೆ ಬಾಯಾರಿಗೆ ಒಂದು ಮಾತು ಬರೀರಿ, ಗುರುಪಾದಣ್ಣಾರ ಕಡೆಯಿಂದ ಬರತಾವ ಅಂತ. ಅರವತ್ತು ಕೌದಿ ರೊಕ್ಕ ನಾ ಮುಂಗಡ ಕೊಡ್ತೇನಿ. ನಿಮ್ಮ ಹನ್ನೊಂದು ಮಂದಿಗೆ ಹಬ್ಬದೊಳಗ ಕೈತುಂಬ ಆಗತೈತಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಕೊಡುತ್ತೇನೆಂದರೆ ಕೊಡುತ್ತಿದ್ದ. ರಾಜೇಶ್ವರಿಗೆ ಯಮನವ್ವನ ನೆನಪಾಯಿತು. ಈ ಅರವತ್ತರಲ್ಲಿ ಅವಳ ಪಾಲಿನ ಆರು ಇದ್ದವು. ಇಲ್ಲ ಎಂದರೆ ಅವು ಇರುವುದಿಲ್ಲ. ನಾಳೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅದನ್ನು ಹೇಳಬೇಕಾದವಳು ತಾನೇ.

"ಪಟ್ಟಿ?" ಎಂದಳು.

"ಯಾವ ಪಟ್ಟಿ?"

"ಮೂಲ್ಯಾಗ ಹೊಲಿಯೂದು."

"ಅದು ನಮ್ಮದ ಆಗಬೇಕಲ್ರಿ. ನನ್ನ ಖಾತೆಗೆ ರೊಕ್ಕ ಬಂದ್ರ ಮಾಲು ನಂದು ಅಂತ ತೋರಸಬೇಕು. ಕಾಯ್ದೆ ಐತಿ."

"ಹೊಲದವರು ಯಾರು ಅಂತ ಕೇಳಿದ್ರ?"

ಗುರುಪಾದ ಚಹಾ ಹೀರಿದ. "ಅಕ್ಕಾರ, ಇನ್ನೂ ಅದನ್ನ ಹಿಡಕೊಂಡೀರೇನು?"

ಅವಳು ಬಾಂಡ್ ಕಾಗದವನ್ನು ವಕೀಲರ ಕಡೆ ಸರಿಸಿ, ಕಾಗದದ ಹಣವನ್ನೂ ಟೈಪಿನ ಹಣವನ್ನೂ ಅದರ ಮೇಲಿಟ್ಟಳು. ಆಮೇಲೆ ಅಲ್ಲೇ ನಿಂತು ಸುಮನ್‌ಗೆ ಹೇಳಿ ಕಳಿಸಲು ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ಸುಮನ್, ರೊಕ್ಕ ಹೊಳ್ಳಿ ಹೋಗಲಿ. ಖಾತೆ ಮುಚ್ಚಿದ್ರ ಮುಚ್ಚಲಿ. ಆನಿಕೆಗೆ ಬರಿ, ಹೆಸರು ತಪ್ಪಿದ್ದು ಹೆಂಗ ಅಂತ ಎಲ್ಲಾ ಬರಿ. ಮೂಡಲಗಿ ಬ್ಯಾಂಕಿಗೇ, ನನ್ನ ಹೆಸರಿಗೆ ಕಳಸಂತ ಹೇಳು. ಬ್ಯಾಂಕಿನವರು ಎಷ್ಟ ಕತ್ತರಿಸಿದ್ರೂ ಆತು. ಕೌದಿ ನಮ್ಮ ಪಟ್ಟಿಲೆ ಬರತಾವ. ಅಕೀಗೆ ಆಗೂದಿಲ್ಲ ಅಂದ್ರ... ಆಗೂದಿಲ್ಲ ಅಂದ್ರ ಬರೂದಿಲ್ಲ."

ಗುರುಪಾದ ಎಲ್ಲ ಕೇಳಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಮರುಕವಿತ್ತು.

"ಅರವತ್ತು ಕೌದಿ ಬಿಟ್ರಿ ನೀವು. ಅಕೀ ಇನ್ನ ಬರೀತಾಳ ಅಂತ ಮಾಡೀರೇನು? ಈ ಮಂದಿ ಒಮ್ಮೆ ಬ್ಯಾಸರಾದ್ರ ಹೊಳ್ಳಿ ನೋಡೂದಿಲ್ಲ. ನಾ ಕಂಡೇನಿ. ಕುಂದರ್ರಿ, ಒಂದು ಚಹಾ ಕುಡೀರಿ. ಪಟ್ಟಿ ಸಣ್ಣದು ಮಾಡೂಣಂತ, ಹಿಂದಿನ ಬಾಜೂ ಹಚ್ಚೂಣಂತ..."

ರಾಜೇಶ್ವರಿ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ನೆರಳಿನಿಂದ ಬಿಸಿಲಿಗೆ ಕಾಲಿಟ್ಟಾಗ ಒಂದು ಕ್ಷಣ ಕಣ್ಣು ಕೋರೈಸಿತು. ಕಬ್ಬಿನ ಸಸಿ ಹೇರಿದ ಟ್ರ್ಯಾಕ್ಟರ್ ಹಾದುಹೋಗುವವರೆಗೆ ರಸ್ತೆಯ ಬದಿಗೆ ನಿಂತಳು.

"ಅಕ್ಕಾರ, ನಿಮಗ ಹೇಳಾಕತ್ತೇನಿ," ಎಂದ ಗುರುಪಾದ ಹಿಂದಿನಿಂದ. "ಹೊಚ್ಚಿಕೊಳ್ಳೋರು ಪಟ್ಟಿ ನೋಡ್ತಾರೇನು? ಬೆಚ್ಚಗಾದ್ರ ಸಾಕು ಅವರಿಗೆ. ನಾ ಅನ್ನೂದು ಇಷ್ಟ..."

ಅವಳು ರಸ್ತೆ ದಾಟಿ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.